ದ್ವೀಪಕ್ಕೆ ಕೊಟ್ಟ ಹಣ ದ್ವೀಪದಲ್ಲೇ ಉಳಿಯಬೇಕು

ದಾನವಾಗಿ ಬಂದ ಹಸುವಿನ ಹಲ್ಲು ಎಣಿಸಬಾರದೆಂದು ನಮ್ಮಲ್ಲಿ ಒಂದು ಗಾದೆಯುಂಟು. ಕೊಟ್ಟವನ ಮನಸ್ಸು ನೋಯಿಸಬಾರದೆಂಬ ಅರ್ಥದಲ್ಲಿ ಅದು ಒಳ್ಳೆಯ ಮಾತೇ. ಆದರೆ ಸರಕಾರಗಳೂ ನಿಧಿಗಳೂ ಊರಿನ ಏಳಿಗೆಗೆಂದು ಕೊಡತಕ್ಕ ಸಹಾಯಧನದ ವಿಷಯದಲ್ಲಿ ಈ ಗಾದೆಯನ್ನು ನಂಬಿ ಕುಳಿತರೆ ಕೆಟ್ಟೆವು. ಅಲ್ಲಿ ಹಲ್ಲನ್ನು ಎಣಿಸಲೇಬೇಕು. ಹಸು ಎಷ್ಟು ದಿನ ಹಾಲು ಕೊಟ್ಟೀತು, ಅದಕ್ಕೆ ಹುಲ್ಲು ಹಾಕುವವರು ಯಾರು, ಕರು ಯಾರ ಕೊಟ್ಟಿಗೆಗೆ ಹೋಗುತ್ತದೆ ಎಂಬುದನ್ನು ಕೇಳಿದ ಮೇಲೆಯೇ ಹಗ್ಗಕ್ಕೆ ಕೈ ಹಾಕಬೇಕು. ಈ ಮಾತು ಎಲ್ಲ ಹಳ್ಳಿಗಳಿಗೂ ಸಲ್ಲುವುದಾದರೂ, ಸುತ್ತಲೂ ಕಡಲೇ ಇರುವ ಸಣ್ಣ ದ್ವೀಪಗಳಿಗೆ ಮತ್ತಷ್ಟು ಸಲ್ಲುತ್ತದೆ. ಏಕೆಂದರೆ ಅಲ್ಲಿ ತಪ್ಪನ್ನು ತಿದ್ದಿಕೊಳ್ಳಲು ಎರಡನೆಯ ಅವಕಾಶ ಸಿಕ್ಕುವುದು ಅಪರೂಪ.

ಕಾಸರಗೋಡಿನ ಬೇಸಾಯಗಾರರಿಗೆ ದ್ವೀಪದ ಸುದ್ದಿ ಏಕೆ ಎಂದು ವಾಚಕರು ಕೇಳಬಹುದು. ಸಂಬಂಧ ದೂರದ್ದಲ್ಲ. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಅಮೀನ್‌ದೀವಿ ದ್ವೀಪಗಳು ಒಂದು ಕಾಲಕ್ಕೆ ನಮ್ಮದೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. 1799ರಲ್ಲಿ ಟಿಪ್ಪುವಿನ ಪತನವಾದ ತರುವಾಯ ಅವು ಇಂಗ್ಲಿಷರ ಕೈಗೆ ಬಂದು, ಮಂಗಳೂರಿನ ಕಲೆಕ್ಟರರ ಆಡಳಿತಕ್ಕೆ ಒಳಪಟ್ಟುವು. 1956ನೆಯ ನವಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಅಮೀನ್‌ದೀವಿಗಳು ಲಕ್ಕದೀವಿ ಮತ್ತು ಮಿನಿಕಾಯಿಗಳೊಡನೆ ಕೂಡಿ ಕೇಂದ್ರಾಡಳಿತ ಪ್ರದೇಶವಾದವು. ಒಂದೇ ಮನೆಯಿಂದ ಒಂದೇ ದಿನ ಪಾಲಾಗಿ ಹೋದ ಇಬ್ಬರಂತೆ ನಾವೂ ಅವರೂ. 1973ರಲ್ಲಿ ಆ ಪ್ರದೇಶಕ್ಕೆ ಲಕ್ಷದ್ವೀಪವೆಂದು ಹೆಸರಾಯಿತು. ಇಂದಿಗೂ ಮಂಗಳೂರಿನ ಹಳೆ ಬಂದರಿನಿಂದ ಮಂಜಿಗಳಲ್ಲಿ ದಿನಸಿಯೂ ಕಟ್ಟಡದ ಸಾಮಾನೂ ಅಲ್ಲಿಗೆ ಹೋಗುತ್ತವೆ. ಅವರ ಬೆಳೆಯೂ ನಮ್ಮ ಬೆಳೆಯೂ ಒಂದೇ, ತೆಂಗು.

ಹಳೆಯ ಪಾಠ

ಆ ದ್ವೀಪಗಳಲ್ಲಿ ಭತ್ತ ಬೆಳೆಯುವುದಿಲ್ಲ. ಹವಳದ ಮರಳಿನ ಮೇಲೆ ತೆಂಗು ನಿಂತೀತೇ ಹೊರತು ಗದ್ದೆ ನಿಲ್ಲದು. ಆದುದರಿಂದ ಅಕ್ಕಿ ಹೊರಗಿನಿಂದಲೇ ಬರಬೇಕು. ಹಿಂದಿನ ಕಾಲದಲ್ಲಿ ದ್ವೀಪದ ಕತ್ತದ ಹುರಿಯ ವ್ಯಾಪಾರವು ಆಳುವವರ ಏಕಸ್ವಾಮ್ಯವಾಗಿತ್ತು. ಅರಕ್ಕಲ್ ಮನೆತನದವರ ಕಾಲದಲ್ಲಿ ಆರಂಭವಾದ ಈ ಪದ್ಧತಿಯನ್ನು ಇಂಗ್ಲಿಷರೂ ಮುಂದುವರಿಸಿದರು. ಅಮೀನ್‌ದೀವಿಯವನು ಹುರಿ ಹೊಸೆದು, ಓಡದಲ್ಲಿ ಹಾಕಿ ಮಂಗಳೂರಿಗೆ ತಂದು ಸರಕಾರದ ಉಗ್ರಾಣಕ್ಕೆ ಒಪ್ಪಿಸಬೇಕು. ಅದಕ್ಕೆ ಪ್ರತಿಯಾಗಿ ಗೊತ್ತುಮಾಡಿದ ದರದಲ್ಲಿ ಅಕ್ಕಿಯನ್ನೂ ಸ್ವಲ್ಪ ಹಣವನ್ನೂ ಪಡೆದು ಹಿಂದಿರುಗಬೇಕು.

ಇದರಲ್ಲಿ ಗಮನಿಸತಕ್ಕದ್ದು ಏನೆಂದರೆ, ದ್ವೀಪದವನು ಸೋಮಾರಿಯಾಗಿರಲಿಲ್ಲ. ಅವನ ಹೆಂಗಸರು ತೆಂಗಿನ ಸಿಪ್ಪೆಯನ್ನು ಕೊಳೆಹಾಕಿ, ಬಡಿದು, ನಾರು ತೆಗೆದು ಹುರಿ ಹೊಸೆಯುತ್ತಿದ್ದರು. ಗಂಡಸರು ಕಡಲನ್ನು ದಾಟುತ್ತಿದ್ದರು. ಆದರೆ ಮಾಲಿಗೆ ಬೆಲೆ ಕಟ್ಟುವವನು ಬೇರೆ, ಅಕ್ಕಿಗೆ ಬೆಲೆ ಕಟ್ಟುವವನೂ ಅವನೇ. ಬೆಲೆ ಒಪ್ಪದಿದ್ದರೆ ಇನ್ನೊಂದು ಅಂಗಡಿಗೆ ಹೋಗುವಂತಿಲ್ಲ. ಮಳೆಗಾಲ ಹಿಡಿದರೆ ಹೋಗಲಿಕ್ಕೆ ದಾರಿಯೇ ಇಲ್ಲ. ದ್ವೀಪದ ಬಡತನದ ಬೇರು ಹಣವಿಲ್ಲದಿರುವುದರಲ್ಲಿ ಮಾತ್ರವಲ್ಲ, ತನ್ನ ಸೊತ್ತಿನ ಮೇಲೆ ತನಗೆ ಹಿಡಿತವಿಲ್ಲದಿರುವುದರಲ್ಲಿ ಇದೆ ಎಂಬುದನ್ನು ಈ ಒಂದು ಉದಾಹರಣೆಯೇ ತೋರಿಸುತ್ತದೆ. ಹಿಡಿತವನ್ನು ಕೊಡದೆ ಹಣವನ್ನು ಮಾತ್ರ ಕೊಟ್ಟರೆ, ಹಣವು ಬಂದ ಹಡಗಿನಲ್ಲೇ ಹಿಂದಕ್ಕೆ ಹೋಗುತ್ತದೆ. ಗುತ್ತಿಗೆದಾರ ಹೊರಗಿನವನು, ಯಂತ್ರ ಹೊರಗಿನದು, ಅದನ್ನು ರಿಪೇರಿ ಮಾಡುವವನೂ ಹೊರಗಿನಿಂದ ಬರಬೇಕು. ಊರಿಗೆ ಉಳಿಯುವುದು ಉದ್ಘಾಟನೆಯ ಕಲ್ಲು ಒಂದೇ.

ಎಗ್ ದ್ವೀಪದ ಕಥೆ

ಹಾಗಾದರೆ ಸಹಾಯಧನವು ಸರಿಯಾಗಿ ಕೆಲಸ ಮಾಡಿದ ಜಾಗ ಲೋಕದಲ್ಲಿ ಎಲ್ಲಿಯೂ ಇಲ್ಲವೇ? ಇದೆ. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಹೆಬ್ರಿಡೀಸ್ ಎಂಬ ದ್ವೀಪಮಾಲೆಯಿದೆ. ಅಲ್ಲಿಯ ಸಣ್ಣ ಸಣ್ಣ ದ್ವೀಪಗಳಲ್ಲಿ ಕಳೆದ ಮೂವತ್ತು ವರ್ಷಗಳಲ್ಲಿ ನಡೆದ ಕೆಲಸವು ನಮ್ಮ ಸಹಕಾರಿ ಸಂಘಗಳವರೂ ಪಂಚಾಯತಿನವರೂ ಓದಿ ತಿಳಿಯತಕ್ಕದ್ದು.

ಅವುಗಳಲ್ಲಿ ಎಗ್ ಎಂಬುದೊಂದು. ಸುಮಾರು ಹನ್ನೆರಡು ಚದರ ಮೈಲಿ ವಿಸ್ತೀರ್ಣ. ದ್ವೀಪಕ್ಕೆ ದ್ವೀಪವೇ ಒಬ್ಬ ಧನಿಯ ಆಸ್ತಿ. ಧನಿಗಳು ಬದಲಾಗುತ್ತಿದ್ದರು, ಒಕ್ಕಲುಗಳ ಸ್ಥಿತಿ ಬದಲಾಗುತ್ತಿರಲಿಲ್ಲ. ಬಹಳ ಮಂದಿಗೆ ತಾವಿರುವ ಮನೆಗೆ ಭದ್ರವಾದ ಗೇಣಿ ಚೀಟಿಯಿರಲಿಲ್ಲ. ಗೇಣಿಯ ಕಷ್ಟವನ್ನು ಕಂಡ ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಾಳೆ ಬಿಡಿಸಬಹುದಾದ ಮನೆಯ ಮಾಡಿಗೆ ಇಂದು ಹೊಸ ಹೆಂಚು ಹೊದಿಸುವವರು ಯಾರು? ಹೀಗೆ ಮನೆಗಳು ಸೋರಿದವು, ಹರೆಯದವರು ಊರು ಬಿಟ್ಟರು, ಜನಸಂಖ್ಯೆ ಅರವತ್ತೈದರ ಸುಮಾರಿಗೆ ಇಳಿಯಿತು.

ಆಗ ದ್ವೀಪದವರು ತಮ್ಮ ಸಂಘವನ್ನು ಮುಂದಿಟ್ಟುಕೊಂಡು, ಹೈಲೆಂಡ್ ಕೌನ್ಸಿಲ್ ಎಂಬ ಸ್ಥಳೀಯ ಆಡಳಿತವನ್ನೂ ಸ್ಕಾಟಿಷ್ ವೈಲ್ಡ್‌ಲೈಫ್ ಟ್ರಸ್ಟನ್ನೂ ಕೂಡಿಕೊಂಡು ಒಂದು ಟ್ರಸ್ಟ್ ಮಾಡಿದರು. ದ್ವೀಪವನ್ನೇ ಕೊಂಡುಕೊಳ್ಳುವುದೆಂದು ಹೊರಟರು. ಊರೂರುಗಳಿಂದ ಸಾವಿರಾರು ಮಂದಿ ಸಾಮಾನ್ಯರು ಸಣ್ಣ ಸಣ್ಣ ಮೊತ್ತಗಳನ್ನು ಕಳುಹಿಸಿದರು. ಹೆಸರು ಹೇಳಲೊಲ್ಲದ ಒಬ್ಬ ಮಹಿಳೆ ಬಹು ದೊಡ್ಡ ಮೊತ್ತವನ್ನು ಕೊಟ್ಟಳು. ಸರಕಾರದ ಹಣದ ಪಾಲು ಅದರಲ್ಲಿ ತೀರ ಅಲ್ಪ. 1997ನೆಯ ಜೂನ್ 12ರಂದು 15 ಲಕ್ಷ ಪೌಂಡಿಗೆ ದ್ವೀಪವು ದ್ವೀಪದವರ ಟ್ರಸ್ಟಿಗೆ ಸೇರಿತು.

ಸೊತ್ತು ಕೈಗೆ ಬಂದ ಮೇಲೆ ಅವರು ಮಾಡಿದ ಕೆಲಸಗಳ ಕ್ರಮವನ್ನು ಗಮನಿಸಬೇಕು. ಮೊದಲು ಮನೆಗಳಿಗೂ ಹೊಲಗಳಿಗೂ ಭದ್ರವಾದ ಗೇಣಿ ಪತ್ರ. ಅನಂತರ, 1998ರಲ್ಲಿ, ದೋಣಿಕಟ್ಟೆಯ ಬಳಿಯಲ್ಲಿ ಒಂದು ಕಟ್ಟಡ. ಅದರಲ್ಲಿ ಅಂಗಡಿ, ಚಹಾದ ಅಂಗಡಿ. ಅಂದರೆ ಬಾಡಿಗೆ ಬರುವ ಕಟ್ಟಡ. ವಿದ್ಯುತ್ತಿನ ದೊಡ್ಡ ಕೆಲಸಕ್ಕೆ ಕೈ ಹಾಕಿದ್ದು ಇವುಗಳಾದ ಮೇಲೆ.

ಎಗ್‌ಗೆ ಮುಖ್ಯ ಭೂಮಿಯಿಂದ ವಿದ್ಯುತ್ ತಂತಿಯಿಲ್ಲ. ಮನೆಮನೆಯಲ್ಲಿ ಡೀಸೆಲ್ ಯಂತ್ರ ಗುಡುಗುಟ್ಟುತ್ತಿತ್ತು. ಸಮುದ್ರದಡಿಯಲ್ಲಿ ತಂತಿ ಎಳೆಯಲು ಬೀಳುವ ಖರ್ಚು ಅಪಾರ. ಅದಕ್ಕೆ ಬದಲಾಗಿ ಅವರು ಹೊಳೆಯ ನೀರು, ಗಾಳಿ, ಬಿಸಿಲು ಈ ಮೂರರಿಂದಲೂ ವಿದ್ಯುತ್ತನ್ನು ತೆಗೆದು, ಬ್ಯಾಟರಿಗಳಲ್ಲಿ ಕೂಡಿಟ್ಟು, ಊರಿಗೆಲ್ಲ ಹಂಚುವ ಏರ್ಪಾಡನ್ನು ಮಾಡಿದರು. 2008ನೆಯ ಫೆಬ್ರವರಿ 1ರಂದು ಅದು ಚಾಲೂ ಆಯಿತು. ಖರ್ಚು 16 ಲಕ್ಷ ಪೌಂಡಿಗೂ ಮೀರಿತು. ಅದರ ಅತಿ ದೊಡ್ಡ ಪಾಲು ಯುರೋಪಿನ ಪ್ರಾದೇಶಿಕ ಅಭಿವೃದ್ಧಿ ನಿಧಿಯಿಂದ ಬಂತು. ಉಳಿದದ್ದು ಲಾಟರಿ ನಿಧಿ ಮೊದಲಾದ ಕಡೆಗಳಿಂದಲೂ ದ್ವೀಪದವರ ಕೈಯಿಂದಲೂ ಬಂತು. ಮಳೆಗಾಲಕ್ಕೆ ನೀರು, ಚಳಿಗಾಲಕ್ಕೆ ಗಾಳಿ, ಬೇಸಗೆಗೆ ಬಿಸಿಲು. ಒಂದು ಸೋತಾಗ ಮತ್ತೊಂದು. ಮೂರೂ ಸೋತರೆ ಮಾತ್ರ ಡೀಸೆಲ್. ಒಂದೇ ಬೆಳೆಯನ್ನು ನಂಬದೆ ತೆಂಗು, ಅಡಿಕೆ, ಬಾಳೆ, ಮೆಣಸು ಎಂದು ತೋಟದಲ್ಲಿ ಕೂಡಿಸಿ ಬೆಳೆಸುವ ನಮ್ಮ ಹಿರಿಯರ ಬುದ್ಧಿಗೂ ಇದಕ್ಕೂ ವ್ಯತ್ಯಾಸವಿಲ್ಲ.

ಯಂತ್ರಗಳಿಗಿಂತಲೂ ನಮಗೆ ಹೆಚ್ಚು ಮೆಚ್ಚಿಗೆಯಾದದ್ದು ಅವರು ತಮಗೆ ತಾವೇ ಹಾಕಿಕೊಂಡ ಕಟ್ಟಳೆ. ಒಂದು ಮನೆ ಒಂದೇ ಹೊತ್ತಿಗೆ 5 ಕಿಲೋವಾಟಿಗಿಂತ ಹೆಚ್ಚು ಎಳೆಯಕೂಡದು; ವ್ಯಾಪಾರದ ಜಾಗಕ್ಕೆ 10 ಕಿಲೋವಾಟು. ಬಡವನಿಗೂ ಅಷ್ಟೇ, ಉಳ್ಳವನಿಗೂ ಅಷ್ಟೇ. ಹೆಚ್ಚುವರಿ ವಿದ್ಯುತ್ತು ಹುಟ್ಟಿದ ದಿನ ಅದು ಊರಿನ ಸಭಾಭವನ ಮೊದಲಾದ ಸಾರ್ವಜನಿಕ ಕಟ್ಟಡಗಳನ್ನು ಬೆಚ್ಚಗಿಡುತ್ತದೆ. ಯಂತ್ರಗಳನ್ನು ನೋಡಿಕೊಳ್ಳುವವರು ದ್ವೀಪದ ನಿವಾಸಿಗಳೇ. ಅದಕ್ಕೆಂದು ತರಬೇತಿ ಪಡೆದವರು. ಕಾಲುವೆಯ ನೀರನ್ನು ಸರದಿಯ ಮೇಲೆ ಹಂಚಿಕೊಂಡು, ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಕಟ್ಟ ಕಟ್ಟುವ ಊರಿನವರಿಗೆ ಈ ಕಟ್ಟಳೆ ಹೊಸದಾಗಿ ಕಾಣಲಾರದು. ಇಂದು ಎಗ್‌ನಲ್ಲಿ ನೂರಕ್ಕೂ ಹೆಚ್ಚು ಜನರಿದ್ದಾರೆ.

ಗೀಯ ದ್ವೀಪದ ಲೆಕ್ಕ

ಇನ್ನೊಂದು ಗೀಯ ಎಂಬ ದ್ವೀಪ. ಇದು ಹೈನುಗಾರರ ನೆಲ. ಹಸು ಸಾಕಿ ಹಾಲು ಮಾರುವವರ ಊರು. 2002ನೆಯ ಮಾರ್ಚಿಯಲ್ಲಿ ಇಲ್ಲಿಯ ಜನರು ಸುಮಾರು 40 ಲಕ್ಷ ಪೌಂಡಿಗೆ ತಮ್ಮ ದ್ವೀಪವನ್ನು ಕೊಂಡರು. ಆಗ ಅಲ್ಲಿದ್ದವರು 98 ಮಂದಿ. ಈ ಹಣದಲ್ಲಿ 35 ಲಕ್ಷ ಸ್ಕಾಟಿಷ್ ಲ್ಯಾಂಡ್ ಫಂಡ್ ಎಂಬ, ಲಾಟರಿಯ ಹಣದಿಂದ ನಡೆಯುತ್ತಿದ್ದ ಭೂನಿಧಿಯಿಂದಲೂ, 5 ಲಕ್ಷ ಹೈಲೆಂಡ್ಸ್ ಅಂಡ್ ಐಲೆಂಡ್ಸ್ ಎಂಟರ್‌ಪ್ರೈಸ್ ಎಂಬ ಸರಕಾರಿ ಸಂಸ್ಥೆಯಿಂದಲೂ ಬಂದಿತು. ಆದರೆ ಭೂನಿಧಿಯವರು ಒಂದು ಷರತ್ತು ಹಾಕಿದರು: ಎರಡು ವರ್ಷದೊಳಗೆ 10 ಲಕ್ಷ ಪೌಂಡು ಹಿಂದಕ್ಕೆ ಕೊಡತಕ್ಕದ್ದು. ದ್ವೀಪದವರು ಧನಿಯ ದೊಡ್ಡ ಬಂಗಲೆಯನ್ನು ಮಾರಿ, ಉಳಿದದ್ದನ್ನು ವಂತಿಗೆಯೆತ್ತಿ, 2004ರ ಮಾರ್ಚಿಯಲ್ಲಿ ಆ ಹಣವನ್ನು ಸಲ್ಲಿಸಿಬಿಟ್ಟರು.

ತರುವಾಯ ಅವರು ಹಳೆಯದಾದರೂ ಗಟ್ಟಿಯಾಗಿದ್ದ ಮೂರು ಗಾಳಿಯಂತ್ರಗಳನ್ನು ತಂದು ನಿಲ್ಲಿಸಿದರು. ಬಂಡವಾಳದಲ್ಲಿ ಸಹಾಯಧನವೂ ಇತ್ತು, ಸಾಲವೂ ಇತ್ತು. ವಿದ್ಯುತ್ತನ್ನು ದೇಶದ ತಂತಿಗೆ ಮಾರಿದರು. ಬಂದ ಆದಾಯವನ್ನು ಊರಿನ ಮನೆಗಳ ರಿಪೇರಿಗೆ ಉಪಯೋಗಿಸಿದರು. ಏಕೆಂದರೆ ದ್ವೀಪವನ್ನು ಕೊಂಡಾಗ ಅಲ್ಲಿಯ ಮನೆಗಳಲ್ಲಿ ಬಹುಪಾಲು ವಾಸಕ್ಕೆ ತಕ್ಕ ಮಟ್ಟದಲ್ಲಿರಲಿಲ್ಲ.

ಇಲ್ಲಿಗೆ ಕಥೆ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾದೀತು. ಗೀಯದವರು ಮುಂದೆ ಸಾಲದ ಹೊರೆಗೂ ಸಿಕ್ಕಿದರು. 2010ರ ದಶಕದಲ್ಲಿ ಅವರ ಟ್ರಸ್ಟಿನ ಸಾಲವು ಇಪ್ಪತ್ತು ಲಕ್ಷ ಪೌಂಡನ್ನೂ ಮೀರಿ, ಅಷ್ಟು ಸಣ್ಣ ಊರು ಚಿಂತೆಪಡುವಂತಾಯಿತು. ಊರಿನ ಮನೆಗಳನ್ನೆಲ್ಲ ಒಂದೇ ಕಾಲಕ್ಕೆ ನೆಟ್ಟಗೆ ಮಾಡುವುದು ಸುಲಭದ ಖರ್ಚಲ್ಲ. ನೂರು ಜನರ ಊರಿನಲ್ಲಿ ಲೆಕ್ಕ ಬರೆಯುವವನೂ, ಗುಮಾಸ್ತನೂ, ಸಭೆಯ ಅಧ್ಯಕ್ಷನೂ, ದೋಣಿಗೆ ಹಗ್ಗ ಎಳೆಯುವವನೂ ಅದೇ ನಾಲ್ಕು ಮಂದಿ. ಅವರ ಬೆನ್ನು ಎಷ್ಟು ಹೊತ್ತೀತು? ಸಹಾಯಧನ ಕೊಡುವವರು ಕಟ್ಟಡಕ್ಕೆ ಕೊಡುತ್ತಾರೆ, ಯಂತ್ರಕ್ಕೆ ಕೊಡುತ್ತಾರೆ. ಲೆಕ್ಕ ಬರೆಯುವವನ ಸಂಬಳಕ್ಕೆ ಕೊಡಲು ಹಿಂದೆಗೆಯುತ್ತಾರೆ. ಆದರೆ ಯಂತ್ರ ಕೆಡುವ ಮೊದಲು ಕೆಡುವುದು ಲೆಕ್ಕ. ಇದು ಗೀಯದಲ್ಲಿ ಮಾತ್ರವಲ್ಲ, ನಮ್ಮ ಅನೇಕ ಸಹಕಾರಿ ಸಂಘಗಳಲ್ಲಿಯೂ ಕಾಣತಕ್ಕ ಸಂಗತಿ.

ಕೆಲವೇ ಜನರಿಗೆ ಇಷ್ಟೊಂದು ಹಣವೇ?

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದನ್ನು ತಳ್ಳಿಹಾಕಲಾಗದು. ಗೀಯದ 40 ಲಕ್ಷವನ್ನು 98ರಿಂದ ಭಾಗಿಸಿದರೆ ತಲೆಗೆ ನಲ್ವತ್ತು ಸಾವಿರ ಪೌಂಡಿಗೂ ಮಿಕ್ಕಿ ಬೀಳುತ್ತದೆ. ಉಲ್ವಾ ಎಂಬ ಇನ್ನೊಂದು ದ್ವೀಪದಲ್ಲಿ ಐದಾರೇ ಮಂದಿ ಉಳಿದಿದ್ದಾಗ, ಅದನ್ನು ಕೊಳ್ಳಲು 2018ರಲ್ಲಿ ಭೂನಿಧಿಯು 44 ಲಕ್ಷ ಪೌಂಡುಗಳ ವರೆಗೆ ಕೊಡಲೊಪ್ಪಿತು. ಅದೇ ಹಣದಿಂದ ಪಟ್ಟಣದಲ್ಲಿ ಎಷ್ಟು ಮಂದಿಗೆ ಉಪಕಾರವಾಗುತ್ತಿತ್ತು ಎಂದು ಕೇಳುವವರು ಉಂಟು. ಕೇಳುವುದರಲ್ಲಿ ತಪ್ಪಿಲ್ಲ; ತೆರಿಗೆ ಕೊಡುವವನಿಗೆ ಕೇಳುವ ಹಕ್ಕಿದೆ.

ಇದಕ್ಕೆ ನಮ್ಮ ಉತ್ತರ ಎರಡು. ಮೊದಲನೆಯದು, ಗೀಯದ ಹಣದಲ್ಲಿ 10 ಲಕ್ಷ ಎರಡೇ ವರ್ಷಕ್ಕೆ ಹಿಂದೆ ಬಂತು; ಉಳಿದದ್ದು ಖರ್ಚಾಗಿ ಹೋಗಲಿಲ್ಲ, ನೆಲವಾಗಿ ನಿಂತಿದೆ. ನೆಲವು ಮೊಮ್ಮಕ್ಕಳಿಗೂ ಇರುತ್ತದೆ. ಎರಡನೆಯದು, ಕೊಡದೆ ಬಿಟ್ಟರೂ ಖರ್ಚು ತಪ್ಪುವುದಿಲ್ಲ. ಹೆಬ್ರಿಡೀಸ್‌ಗಳಿಂದ ಆಚೆಗೆ ಅಟ್ಲಾಂಟಿಕ್ ಸಾಗರದ ನಡುವೆ ಸೇಂಟ್ ಕಿಲ್ಡಾ ಎಂಬ ದ್ವೀಪವಿದೆ. ಸಾವಿರಾರು ವರ್ಷಗಳಿಂದ ಜನವಸತಿಯಿದ್ದ ಜಾಗ. ಹರೆಯದವರು ಒಬ್ಬೊಬ್ಬರಾಗಿ ಹೊರಟುಹೋಗಿ, ಉಳುವುದಕ್ಕೂ ದೋಣಿ ಹುಟ್ಟುವುದಕ್ಕೂ ಕೈ ಸಾಲದಾದಾಗ, ಉಳಿದವರು ತಮ್ಮನ್ನು ಕರೆದೊಯ್ಯಬೇಕೆಂದು ತಾವೇ ಸರಕಾರಕ್ಕೆ ಅರ್ಜಿ ಬರೆದುಕೊಂಡರು. 1930ನೆಯ ಆಗಸ್ಟ್ 29ರಂದು ಕೊನೆಯ 36 ಮಂದಿಯನ್ನು ಹಡಗಿನಲ್ಲಿ ಸಾಗಿಸಲಾಯಿತು. ಅವರಿಗೆ ಬೇರೆಡೆ ಮನೆ ಕೊಡಬೇಕಾಯಿತು, ಕೆಲಸ ಕೊಡಬೇಕಾಯಿತು. ಒಂದು ಊರೇ ಆರಿಹೋದ ನಷ್ಟವನ್ನು ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರೆದಿಲ್ಲ. ಊರು ಬರಿದಾದ ಮೇಲೆ ಸಹಾಯಧನವನ್ನು ಸ್ವೀಕರಿಸಲು ಕೂಡ ಯಾರೂ ಇರುವುದಿಲ್ಲ.

ಆದರೆ ಈ ಉತ್ತರವು ನಿಲ್ಲಬೇಕಾದರೆ ಒಂದು ನಿಬಂಧನೆಯುಂಟು: ಹಣವು ಅಲ್ಲಿ ಜನರನ್ನು ನಿಲ್ಲಿಸಬೇಕು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂಬಂತೆ ಖರ್ಚುಮಾಡಿದರೆ ಆಕ್ಷೇಪಣೆ ಮಾಡುವವರೇ ಗೆದ್ದಾರು.

ನಮ್ಮ ದ್ವೀಪಗಳಿಗೆ ಏನು ಬೇಕು?

ಲಕ್ಷದ್ವೀಪದ ಸ್ಥಿತಿ ಸ್ಕಾಟ್ಲೆಂಡಿನಂತಲ್ಲ. ಅಲ್ಲಿ ಧನಿಯಿಂದ ನೆಲವನ್ನು ಕೊಳ್ಳುವ ಪ್ರಶ್ನೆಯಿಲ್ಲ. ದ್ವೀಪದ ಮೂಲನಿವಾಸಿಗಳು ಪರಿಶಿಷ್ಟ ವರ್ಗಕ್ಕೆ ಸೇರಿದವರು; ಅವರ ನೆಲಕ್ಕೆ ಕಾಯಿದೆಯ ರಕ್ಷಣೆಯಿದೆ. 2011ರ ಜನಗಣತಿಯಂತೆ 64,473 ಜನ. ನೆಲವೆಲ್ಲ ಸೇರಿ 32 ಚದರ ಕಿಲೋಮೀಟರು ಮಾತ್ರ. ಆದುದರಿಂದ ಜನವಿಲ್ಲವೆಂಬ ಕಷ್ಟವಲ್ಲ, ನೆಲ ಸಾಲದೆಂಬ ಕಷ್ಟ. ಹಡಗು, ಆಸ್ಪತ್ರೆ, ಶಾಲೆ, ವಿದ್ಯುತ್ತು ಎಲ್ಲವೂ ಸರಕಾರದ್ದು. ಹಣವೂ ಕೇಂದ್ರದಿಂದ ಬರತಕ್ಕದ್ದು. ಹೀಗಿರಲಾಗಿ ಅಲ್ಲಿಯ ಪ್ರಶ್ನೆ ಹಣ ಬರುವುದೋ ಇಲ್ಲವೋ ಎಂಬುದಲ್ಲ. ಏನು ಮಾಡಬೇಕೆಂದು ತೀರ್ಮಾನಿಸುವವರು ಯಾರು ಎಂಬುದು.

ನೀರಿನ ಸಂಗತಿಯನ್ನೇ ತೆಗೆದುಕೊಳ್ಳೋಣ. ಹವಳದ ದ್ವೀಪದ ಬಾವಿಯು ನಮ್ಮ ಬಾವಿಯಂತಲ್ಲ. ಮಳೆಯ ಸಿಹಿನೀರು ಮರಳಿನೊಳಗೆ ಇಳಿದು, ಕೆಳಗಿರುವ ಉಪ್ಪುನೀರಿನ ಮೇಲೆ, ಹಾಲಿನ ಮೇಲಣ ಕೆನೆಯಂತೆ ತೆಳುವಾಗಿ ತೇಲುತ್ತಿರುತ್ತದೆ. ಕೊಡದಿಂದ ಸೇದಿದರೆ ಕೆನೆ ಕೆಡದು. ದೊಡ್ಡ ಪಂಪನ್ನು ಇಟ್ಟು ಎಳೆದರೆ ಕೆಳಗಿನ ಉಪ್ಪು ಮೇಲೆದ್ದು ಬಾವಿಯೇ ಕೆಡುತ್ತದೆ. ತೆಂಗಿನ ಬುಡಕ್ಕೂ ಒಳ್ಳೆಯದಲ್ಲ. ನಮ್ಮಲ್ಲಿ ಪಂಪಿಗೆ ಸಹಾಯಧನ ಕೊಟ್ಟರೆ ಕೃಷಿಕನಿಗೆ ಉಪಕಾರ. ಅಲ್ಲಿ ಅದೇ ಸಹಾಯಧನವು ಅಪಕಾರವಾದೀತು. ಒಂದೇ ಅಚ್ಚಿನ ಯೋಜನೆಯನ್ನು ದೇಶಕ್ಕೆಲ್ಲ ಹಂಚುವವರು ಈ ಭೇದವನ್ನು ತಿಳಿಯಬೇಕು.

ಅದಕ್ಕೆ ತಕ್ಕ ಪರಿಹಾರವನ್ನು ಹುಡುಕಿದವರೂ ನಮ್ಮ ದೇಶದವರೇ. 2005ರಲ್ಲಿ ಕವರತ್ತಿಯಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಕೊಡತಕ್ಕ ಸ್ಥಾವರವನ್ನು ನಿಲ್ಲಿಸಿದರು. ಕಡಲ ಮೇಲ್ಮೈಯ ಬೆಚ್ಚನೆಯ ನೀರನ್ನು ಗಾಳಿಯ ಒತ್ತಡ ಕಡಿಮೆ ಮಾಡಿದ ಪಾತ್ರೆಯಲ್ಲಿ ಆವಿ ಮಾಡಿ, ಆಳದಿಂದ ಎತ್ತಿದ ತಣ್ಣನೆಯ ನೀರಿನಿಂದ ಆ ಆವಿಯನ್ನು ತಂಪುಮಾಡಿ ಸಿಹಿನೀರು ತೆಗೆಯುವ ಕ್ರಮವಿದು. 2011ರಲ್ಲಿ ಅಗತ್ತಿಯಲ್ಲಿಯೂ ಮಿನಿಕಾಯಿಯಲ್ಲಿಯೂ, ಮುಂದೆ ಇತರ ದ್ವೀಪಗಳಲ್ಲಿಯೂ ಇಂಥವನ್ನು ಕಟ್ಟಿದರು. ನಮ್ಮ ಹಳೆಯ ನೆರೆಯ ಕಡಮತ್ತಿಗೂ ಒಂದು ದೊರೆತಿದೆ. ಇದು ಹೆಮ್ಮೆಪಡತಕ್ಕ ಕೆಲಸ. ಆದರೆ ಇಂಥ ಯಂತ್ರವನ್ನು ನಡೆಸಲು ವಿದ್ಯುತ್ತು ಬೇಕು. ದ್ವೀಪದ ವಿದ್ಯುತ್ತು ದೀರ್ಘಕಾಲದಿಂದ ಹಡಗಿನಲ್ಲಿ ಬರುವ ಡೀಸೆಲನ್ನೇ ನೆಚ್ಚಿಕೊಂಡು ಬಂದಿದೆ. ಕುಡಿಯುವ ನೀರು ಹೀಗೆ ಡೀಸೆಲಿನ ಹಡಗಿಗೆ ಕಟ್ಟುಬಿದ್ದಿದೆ. ಆದುದರಿಂದ ಬಿಸಿಲಿನ ವಿದ್ಯುತ್ತಿಗೆ ಕೊಡುವ ಹಣವೂ, ಯಂತ್ರ ನಡೆಸಲು ದ್ವೀಪದ ಹುಡುಗರಿಗೆ ಕೊಡುವ ತರಬೇತಿಯೂ ಸ್ಥಾವರದಷ್ಟೇ ಮುಖ್ಯ.

ಇನ್ನು ತೀರ್ಮಾನದ ಮಾತು. 2021ರಲ್ಲಿ ಲಕ್ಷದ್ವೀಪದ ಅಭಿವೃದ್ಧಿ ಪ್ರಾಧಿಕಾರಕ್ಕೆ ಸಂಬಂಧಪಟ್ಟ ಒಂದು ಕರಡು ನಿಯಮಾವಳಿ ಹೊರಬಂದಾಗ, ಅಭಿವೃದ್ಧಿಯ ಹೆಸರಿನಲ್ಲಿ ತಮ್ಮ ನೆಲ ಹೋದೀತೆಂದು ದ್ವೀಪದವರು ಭಯಪಟ್ಟು ಪ್ರತಿಭಟಿಸಿದರು. ಅಭಿವೃದ್ಧಿ ಎಂಬ ಶಬ್ದವನ್ನು ಕೇಳಿ ಜನರು ಸಂತೋಷಪಡುವುದಕ್ಕೆ ಬದಲಾಗಿ ಭಯಪಟ್ಟರೆಂದರೆ, ಮೊದಲು ಕೇಳದೆ ಆಮೇಲೆ ಹೇಳುವ ಪದ್ಧತಿಯಲ್ಲಿಯೇ ದೋಷವಿದೆಯೆಂದು ತಿಳಿಯಬೇಕು. ಇದು ನಮ್ಮ ದೇಶಕ್ಕೆ ಹೊಸ ಪಾಠವೂ ಅಲ್ಲ. 1952ನೆಯ ಅಕ್ಟೋಬರ 2ರಂದು ಸಮುದಾಯಾಭಿವೃದ್ಧಿ ಯೋಜನೆಯು ದೇಶದಲ್ಲಿ ಆರಂಭವಾಯಿತು. ಐದು ವರ್ಷಗಳ ಬಳಿಕ, 1957ರಲ್ಲಿ, ಬಲವಂತರಾಯ್ ಮೆಹತಾ ಸಮಿತಿಯು ಅದನ್ನು ಪರಿಶೀಲಿಸಿ, ಜನರು ಸಾಕಷ್ಟು ಪಾಲುಗೊಂಡಿಲ್ಲವೆಂದು ಕಂಡು, ಚುನಾಯಿತ ಪಂಚಾಯತುಗಳ ಕೈಗೆ ಅಧಿಕಾರ ಕೊಡಬೇಕೆಂದು ಸೂಚಿಸಿತು. ಸ್ಕಾಟ್ಲೆಂಡಿನವರು 2003ರಲ್ಲಿ ಭೂಸುಧಾರಣೆಯ ಕಾಯಿದೆ ಮಾಡಿ ಊರಿನವರಿಗೆ ನೆಲ ಕೊಳ್ಳುವ ಹಕ್ಕನ್ನು ಕೊಟ್ಟರು. 2018ರಲ್ಲಿ ದ್ವೀಪಗಳಿಗೆಂದೇ ಬೇರೊಂದು ಕಾಯಿದೆ ಮಾಡಿದರು. ಹೊಸ ಕಾನೂನುಗಳಿಂದಲೂ ಯೋಜನೆಗಳಿಂದಲೂ ದ್ವೀಪದವರಿಗೆ ಏನಾದೀತೆಂದು ಸರಕಾರದ ಸಂಸ್ಥೆಗಳು ಮೊದಲೇ ವಿಚಾರಿಸಿ ನೋಡತಕ್ಕದ್ದೆಂದು ಅದರಲ್ಲಿ ವಿಧಿಸಿದರು. ಇಂಥದೊಂದು ನಿಯಮ ನಮ್ಮ ದ್ವೀಪಗಳಿಗೂ ಇದ್ದರೆ ಕಳಕೊಳ್ಳುವುದು ಯಾರು?

ಹಸುವಿನ ಹಲ್ಲು ಎಣಿಸುವ ಬಗೆ

ಸಹಾಯಧನ ಕೊಡುವವರೂ ತೆಗೆದುಕೊಳ್ಳುವವರೂ ಒಪ್ಪಿಕೊಳ್ಳಬೇಕಾದ ಕೆಲವು ಸಂಗತಿಗಳನ್ನು ನಾವು ಇಲ್ಲಿ ಸೂಚಿಸುತ್ತೇವೆ.

ಒಂದನೆಯದಾಗಿ, ಕಟ್ಟಡಕ್ಕೆ ಮೊದಲು ಯೋಚನೆಗೆ ಹಣ ಕೊಡಬೇಕು. ಸಣ್ಣ ದ್ವೀಪದವರು ಐವತ್ತು ಪುಟದ ಅರ್ಜಿ ತುಂಬಿಸಲು ಪೇಟೆಯ ಗುಮಾಸ್ತನನ್ನು ಹುಡುಕಿಕೊಂಡು ಹೋಗುವಂತಾದರೆ, ಅರ್ಜಿ ಬರೆಯಲು ಬಲ್ಲವರಿಗೆ ಹಣ ಸಿಕ್ಕೀತು, ಅಗತ್ಯವಿದ್ದವರಿಗೆ ಸಿಕ್ಕದು.

ಎರಡನೆಯದಾಗಿ, ಊರಿನವರೂ ಸ್ವಲ್ಪ ಹಾಕತಕ್ಕದ್ದು. ಹಣವಾಗಿ ಆಗದಿದ್ದರೆ ದುಡಿಮೆಯಾಗಿ. ಗೀಯದವರು 10 ಲಕ್ಷ ಹಿಂದೆ ಕೊಟ್ಟುದರಿಂದ ಅವರು ಬಡವಾದರೂ ದ್ವೀಪವು ನಿಜವಾಗಿ ಅವರದಾಯಿತು. ಪುಕ್ಕಟೆ ಬಂದ ಏತಕ್ಕೆ ಎಣ್ಣೆ ಹಾಕುವವರಿಲ್ಲ. ಆದರೆ ಈ ಪಾಲು ಬಡವನನ್ನು ಹೊರಗಿಡುವಷ್ಟು ದೊಡ್ಡದಾಗಕೂಡದು.

ಮೂರನೆಯದಾಗಿ, ಹಣದಿಂದ ಆಗುವ ಸೊತ್ತು ವರ್ಷವರ್ಷಕ್ಕೂ ಏನಾದರೂ ಆದಾಯ ಕೊಡುವಂತಿರಬೇಕು, ಇಲ್ಲವೇ ಆದಾಯ ಕೊಡತಕ್ಕ ಇನ್ನೊಂದು ಸೊತ್ತಿನೊಡನೆ ಜೋಡಿಸಿರಬೇಕು. ಬರಿಯ ಸಭಾಭವನ ಖರ್ಚಿನ ಬಾಬು; ಅಂಗಡಿ ಇರುವ ಸಭಾಭವನ ತನ್ನ ಸುಣ್ಣ ಬಣ್ಣದ ಖರ್ಚನ್ನು ತಾನೇ ಗಳಿಸೀತು. ತೆಂಗಿನ ದ್ವೀಪದಲ್ಲಿಯಾದರೆ ಎಣ್ಣೆಯ ಗಾಣ, ನಾರಿನ ಕೆಲಸ, ಮೀನು ಒಣಗಿಸುವ ಮನೆ ಇವು ಊರಿನ ಸಂಘದ ಕೈಯಲ್ಲಿರಬೇಕು. ಹುರಿ ಹೊಸೆದವರಿಗೇ ಹುರಿಯ ಬೆಲೆ ದಕ್ಕಬೇಕು.

ನಾಲ್ಕನೆಯದಾಗಿ, ಯಂತ್ರ ಕೊಟ್ಟವರು ಹತ್ತು ವರ್ಷದ ರಿಪೇರಿಯ ಹಣವನ್ನೂ, ಇಬ್ಬರು ಸ್ಥಳೀಯರ ತರಬೇತಿಯನ್ನೂ, ಲೆಕ್ಕಿಗನ ಸಂಬಳವನ್ನೂ ಸೇರಿಸಿಯೇ ಕೊಡಬೇಕು. ಮಳೆಗಾಲದಲ್ಲಿ ಮಂಜಿ ಹೊರಡದ ದಿನ ಯಂತ್ರ ಕೆಟ್ಟರೆ ಮಂಗಳೂರಿನ ಮೇಸ್ತ್ರಿ ಹಾರಿ ಹೋಗಲಾರ.

ಐದನೆಯದಾಗಿ, ಲೆಕ್ಕವನ್ನು ಊರಿನ ಭಾಷೆಯಲ್ಲಿ ಬರೆದು ದೋಣಿಕಟ್ಟೆಯ ಗೋಡೆಗೆ ಅಂಟಿಸಬೇಕು. ಕೊಟ್ಟ ಇಲಾಖೆಗೆ ಲೆಕ್ಕ ಒಪ್ಪಿಸಿದರೆ ಸಾಲದು. ಪಕ್ಕದ ಮನೆಯವನಿಗೂ ಅದು ತಿಳಿಯಬೇಕು. ಸಣ್ಣ ಊರಿನಲ್ಲಿ ಸಂಶಯ ಹುಟ್ಟಿದರೆ ಸಂಘ ಉಳಿಯುವುದಿಲ್ಲ.

ಇವುಗಳಲ್ಲಿ ಯಾವುದೂ ದೊಡ್ಡ ತತ್ತ್ವವಲ್ಲ. ತೋಟ ಮಾಡುವವನಿಗೆ ಗೊತ್ತಿರುವ ವಿಷಯವೇ. ಗಿಡ ನೆಡುವುದಕ್ಕೆ ಒಂದು ದಿನ ಸಾಕು. ಬೇಲಿ ಕಾಯುವುದಕ್ಕೆ ಏಳು ವರ್ಷ ಬೇಕು. ನೆಟ್ಟ ದಿನ ಚಿತ್ರ ತೆಗೆಸಿಕೊಂಡು ಹೋಗುವವರು ಬಹಳ. ಎರಡನೆಯ ಬೇಸಗೆಯಲ್ಲಿ ನೀರು ಹೊರುವವರು ಕಡಿಮೆ. ಸಹಾಯಧನದ ನಿಧಿಗಳು ಮೊದಲನೆಯವರಂತೆ ಆಗದೆ ಎರಡನೆಯವರಂತೆ ಆಗಬೇಕೆಂಬುದೇ ನಮ್ಮ ಮಾತಿನ ಸಾರಾಂಶ.

ನಾವು ಗಡಿಯವರು. ತೀರ್ಮಾನಗಳು ಬೇರೆಲ್ಲೋ ಆಗಿ, ಆದೇಶ ಮಾತ್ರ ನಮ್ಮ ಬಾಗಿಲಿಗೆ ಬರುವುದೆಂದರೆ ಏನೆಂದು ಬಲ್ಲೆವು. ಅಮೀನ್‌ದೀವಿಯವರಿಗೂ ಅದು ಗೊತ್ತು. ಆದುದರಿಂದ ದ್ವೀಪಗಳಿಗೆ ಇಷ್ಟು ಕೋಟಿ ಮಂಜೂರಾಯಿತೆಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ, ವಾಚಕರು ಮೊತ್ತವನ್ನು ನೋಡಿ ಬೆರಗಾಗದೆ, ಮೂರು ಪ್ರಶ್ನೆಗಳನ್ನು ಕೇಳಲಿ: ಕೇಳಿದವರು ಯಾರು, ನಡೆಸುವವರು ಯಾರು, ಹತ್ತು ವರ್ಷದ ಮೇಲೆ ಅದು ಯಾರದಾಗಿರುತ್ತದೆ? ಅದೇ ಮೂರು ಪ್ರಶ್ನೆಗಳನ್ನು ತಮ್ಮ ಊರಿನ ಸಂಘಕ್ಕೆ ಬಂದ ಹಣದ ಬಗ್ಗೆಯೂ ಮುಂದಿನ ಮಹಾಸಭೆಯಲ್ಲಿ ಎದ್ದು ನಿಂತು ಕೇಳಲಿ.